ಬೆಂಗ್ರೆಯ ತುದಿ ಹೊಂದದ ಮಳೆಗಾಲ

ಮೊನ್ನೆ ಅನುಷಾ ಇಡೀ ಮಂಗಳೂರನ್ನು ಒಯ್ದು ಆಫ್ರಿಕಾದ ಪಕ್ಕದ ಕಡಲಿನಲ್ಲಿ ಹಾಕಿಬಿಟ್ಟಳು.

ಅನುಷಾ ನನ್ನ ತಂಗಿಯ ಮೊಮ್ಮಗಳು. ಎಂ.ಎಸ್ಸಿ. ಓದುತ್ತಿದ್ದಾಳೆ. ಅವರ ಮನೆಯಲ್ಲಿ ಪೈಂಟಿಂಗ್ ನಡೆಯುತ್ತಿದೆ ಎಂದು ಶಕ್ತಿನಗರದ ನನ್ನ ಫ್ಲ್ಯಾಟಿಗೆ ಬಂದು ಕೂತಿದ್ದಾಳೆ. ನನ್ನ ಡೈನಿಂಗ್ ಟೇಬಲ್ ಈಗ ಅವಳ ಆಫೀಸು. ಉಪಗ್ರಹದ ಚಿತ್ರಗಳನ್ನು ಹಳೆಯ ಮ್ಯಾಪುಗಳ ಮೇಲೆ ಹೊಂದಿಸಿ, ಕಡಲಿನ ದಡ ಎಲ್ಲೆಲ್ಲಿ ಬದಲಾಗಿದೆ ಎಂದು ನೋಡುವ ಪ್ರಾಜೆಕ್ಟು ಅವಳದ್ದು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಯಾರ ಮಾಲೂ ಅಲ್ಲವಂತೆ, ಬೇಕಾದವರು ಅದರ ಹೊಟ್ಟೆ ಬಿಚ್ಚಿ ರಿಪೇರಿ ಮಾಡಬಹುದಂತೆ. ನಮ್ಮ ಕಾಲದಲ್ಲಿ ಊರ ಬಾವಿ ಹಾಗೆ ಇರುತ್ತಿತ್ತು.

"ಅಜ್ಜೀ, ಅವಸ್ಥೆ ನೋಡಿ ಇದರದ್ದು! ಮ್ಯಾಪು ಲೋಡ್ ಆಯ್ತು ಅಂತ ಹೇಳ್ತದೆ, ಕಾಣುವುದಿಲ್ಲ. ಹುಡುಕಿ ಹುಡುಕಿ ನೋಡಿದ್ರೆ ಆಫ್ರಿಕಾದ ಹತ್ರ ನೀರಲ್ಲಿ ಉಂಟು!"

"ಮೀನಿಗೆ ಏನೂ ಬರ ಇಲ್ಲ ಹಾಗಾದ್ರೆ," ಎಂದೆ.

ಅವಳಿಗೆ ನಗಲಿಕ್ಕೆ ಪುರುಸೊತ್ತಿರಲಿಲ್ಲ. ಮ್ಯಾಪನ್ನು ಯಾವ ಲೆಕ್ಕದಲ್ಲಿ ಅಳೆದದ್ದು ಎಂದು ಯಂತ್ರಕ್ಕೆ ಹೇಳಲು ಮರೆತಿದ್ದಳಂತೆ. ಹೇಳಿದ ಕೂಡಲೇ ಮಂಗಳೂರು ಸಮುದ್ರೋಲ್ಲಂಘನ ಮಾಡಿ ತನ್ನ ಜಾಗಕ್ಕೆ ಬಂತು. ಬಂದರೂ ಸರಿಯಾಗಿ ಕೂರಲಿಲ್ಲ. ಒಂದು ನೇತ್ರಾವತಿಯ ಪಕ್ಕ ಇನ್ನೊಂದು ನೇತ್ರಾವತಿ, ಒಂದು ಸೇತುವೆಯ ಪಕ್ಕ ಇನ್ನೊಂದು ಸೇತುವೆ.

"ಎಲ್ಲ ಒಟ್ಟಿಗೆ ಜಾರಿದ್ದಾ, ಅಲ್ಲ ಒಂದು ಮೂಲೆ ಮಾತ್ರವಾ?" ಎಂದು ನಾನು ಕೇಳಿದೆ.

ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. "ನಿಮಗೆ ಇದೆಲ್ಲ ಹೇಗೆ ಗೊತ್ತು ಅಜ್ಜಿ?"

ಲ್ಯಾಪ್‌ಟಾಪಿನ ಪಕ್ಕದ ಕಿಂಡಿಯಿಂದ ಬಿಸಿಗಾಳಿ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಹೊರಗೆ ಆಟಿಯ ಮಳೆ, ತುಳುವರ ಆಷಾಢದ್ದು. ಹೊರಗೆ ಅಂಥ ಮಳೆ, ಒಳಗೆ ಕೈಗೆ ಇಂಥ ಒಣ ಬಿಸಿ, ಇವೆರಡೂ ಒಟ್ಟಿಗೆ ನನಗೆ ಸಿಕ್ಕಿದ್ದು ಬದುಕಿನಲ್ಲಿ ಇನ್ನೊಂದೇ ಸಲ. ಬೋಳಾರದ ಹಂಚಿನ ಕಾರ್ಖಾನೆಯ ಅಟ್ಟದಲ್ಲಿ, ಎಂಬತ್ತರ ದಶಕ ಇನ್ನೂ ಹೊಸತಾಗಿದ್ದಾಗ.

ಆಗ ನಾನು ಸರ್ಕಾರದ ಒಂದು ಸಣ್ಣ ಸರ್ವೆ ಘಟಕದಲ್ಲಿ ನಕ್ಷೆ ಬರೆಯುವವಳು. ಬಾವುಟಗುಡ್ಡೆಯ ಇಳಿಜಾರಿನಲ್ಲಿ ಹಂಚು ಹೊದೆಸಿದ ಎರಡು ಕೋಣೆ, ಅಷ್ಟೇ ನಮ್ಮ ಆಫೀಸು. ಭೂಮಿ ಒಕ್ಕಲುಗಳ ಹೆಸರಿಗೆ ಆಗಿ ಗೇಣಿ ಅಕ್ಕಿ ಬರುವುದು ನಿಂತ ಮೇಲೆ, ನಮ್ಮಂಥ ಮನೆಗಳ ಹುಡುಗಿಯರು ಕೆಲಸಕ್ಕೆ ಹೋಗುವುದು ನಾಚಿಕೆಯ ವಿಷಯವಾಗಿ ಉಳಿದಿರಲಿಲ್ಲ. ಕಾನ್ವೆಂಟಿನಲ್ಲಿ ಜಾಗ್ರಫಿ ಸಿಸ್ಟರ್ ನನ್ನ ಕೈಯಿಂದ ಇಂಡಿಯಾದ ಔಟ್‌ಲೈನ್ ನೂರಾರು ಸಲ ಬರೆಸಿದ್ದರು. "ಸುಲೋಚನಾ, ಕೋಸ್ಟ್‌ಲೈನ್ ಈಸ್ ನಾಟ್ ಎಂಬ್ರಾಯ್ಡರಿ. ಇದ್ದಷ್ಟೇ ಬರಿ" ಎನ್ನುತ್ತಿದ್ದರು. ಇದ್ದಷ್ಟೇ ಬರೆಯುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆ ವರ್ಷ.

ನಮ್ಮ ಮುಖ್ಯಸ್ಥರು ಕಾಮತ್ ಸರ್. ವಿಜಾಪುರದ ಕಡೆ ಬಿಸಿಲಿನಲ್ಲಿ ಅಳತೆಯ ಸರಪಳಿ ಎಳೆದು ಕೂದಲು ನೆರೆಸಿಕೊಂಡು, ನಿವೃತ್ತಿಗೆ ಹತ್ತಿರವಾದಾಗ ಊರಿಗೆ ವರ್ಗವಾಗಿ ಬಂದವರು. ಮಳೆ ಹಿಡಿಯುವ ಹೊತ್ತಿಗೆ ಹೈದರಾಬಾದಿನಿಂದ ಒಂದು ಉದ್ದದ ರಟ್ಟಿನ ಕೊಳವೆ ಬಂತು. ಒಳಗೆ ಎರಡು ಚಿತ್ರ. ಒಂದು ಅದೇ ವರ್ಷದ ಜನವರಿಯದ್ದು, ಇನ್ನೊಂದು ಕೆಲವು ವರ್ಷ ಹಿಂದಿನದ್ದು. ಆಕಾಶದಲ್ಲಿ ಸುತ್ತುವ ಉಪಗ್ರಹ ತೆಗೆದದ್ದು. ಇವುಗಳನ್ನು ನೋಡಿ ನಮ್ಮ ಹಳೆಯ ಸರ್ವೆ ನಕ್ಷೆಯನ್ನು ಹೊಸತು ಮಾಡಬೇಕು, ಕಡಲ್ಕೊರೆತಕ್ಕೆ ಎಲ್ಲಿ ಕಲ್ಲು ಹಾಕುವುದೆಂದು ನಿರ್ಧರಿಸುವವರಿಗೆ ಮಳೆಗಾಲ ಮುಗಿಯುವುದರೊಳಗೆ ಕೊಡಬೇಕು ಎಂದು ಆರ್ಡರು.

ಕಾಮತ್ ಸರ್ ಹೊಸ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಪೇಪರ್‌ವೇಟ್ ಇಟ್ಟರು.

ಏನು ಹೇಳಲಿ! ಈಗಿನ ಮಕ್ಕಳು ಫೋನಿನಲ್ಲಿ ಬೆರಳು ಎಳೆದು ತಮ್ಮ ಮನೆಯ ಮಾಡು ನೋಡುತ್ತಾರೆ. ನಾನು ಅಲ್ಲಿಯವರೆಗೆ ನನ್ನ ಊರನ್ನು ಬಾವುಟಗುಡ್ಡೆಗಿಂತ ಎತ್ತರದಿಂದ ನೋಡಿದವಳಲ್ಲ. ಕಡಲು ಕಡುನೀಲಿ. ಮರಗಳೆಲ್ಲ ದಾಸವಾಳದ ಕೆಂಪು. ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಕಡಲಿನ ಒತ್ತಿನಲ್ಲೇ ಇಳಿದುಬರುವ ಗುರುಪುರ ಹೊಳೆ, ಎರಡೂ ಕಪ್ಪು ಜಡೆಗಳ ಹಾಗೆ ಬಂದು ಕಡಲು ಸೇರುವ ಅಳಿವೆಯಲ್ಲಿ ಹೆಣೆದುಕೊಂಡಿದ್ದವು. ಹೊಳೆಗೂ ಕಡಲಿಗೂ ನಡುವೆ ಬೆಳ್ಳಗಿನ ಒಂದು ಎಳೆ, ಉಗುರಿನ ತುದಿಯಷ್ಟು ತೆಳು. ಅದು ಬೆಂಗ್ರೆ.

"ಸರ್, ಬೋಳಾರ ಎಲ್ಲಿ?"

ಅವರು ಸೂಜಿಯ ಮೊನೆ ಇಟ್ಟರು. ಸೂಜಿಯ ಮೊನೆಯ ಕೆಳಗೆ ನಮ್ಮ ಮನೆ, ಬಾವಿಕಟ್ಟೆ, ಹಂಚಿನ ಕಾರ್ಖಾನೆಯ ಚಿಮಿಣಿ, ಮಂಗಳಾದೇವಿಗೆ ಹೋಗುವ ರಸ್ತೆ, ಅಮ್ಮ, ಅಪ್ಪಯ್ಯ, ತಂಗಿ ಎಲ್ಲ ಮುಚ್ಚಿಹೋಯಿತು. ನಮ್ಮ ಜಗಳಗಳು, ನಮ್ಮ ಮರ್ಯಾದೆ, ಕೋರ್ಟಿನಲ್ಲಿದ್ದ ನಮ್ಮ ಗಡಿಕಲ್ಲು, ಒಂದೂ ಇರಲಿಲ್ಲ. 'ಗಾಡ್ ಸೀಸ್ ಎವ್ರಿಥಿಂಗ್' ಎಂದು ಸಿಸ್ಟರ್ ಹೆದರಿಸುತ್ತಿದ್ದದ್ದು ನೆನಪಾಯಿತು. ದೇವರಿಗೆ ಕಾಣುವ ಮಂಗಳೂರು ಇದೇ ಇರಬೇಕು. ಆದರೆ ದೇವರ ಕಣ್ಣಿಗೆ ಹಸಿರು ಯಾಕೆ ಕೆಂಪಾಗಿ ಕಾಣುತ್ತದೆ?

"ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಎಲೆಗಳು ಬಿಡ್ತವೆ ಮಿಸ್," ಎಂದರು ಕಾಮತ್ ಸರ್. "ಉಪಗ್ರಹಕ್ಕೆ ಅದು ಕಾಣ್ತದೆ. ಅದನ್ನು ನಮಗೆ ತೋರಿಸ್ಲಿಕ್ಕೆ ಕೆಂಪು ಬಳಿದಿದ್ದಾರೆ. ಕೆಂಪು ಹೆಚ್ಚಾದಷ್ಟು ಮರಕ್ಕೆ ಆರೋಗ್ಯ."

ಆ ದಿನ ಮನೆಗೆ ನಡೆದುಹೋಗುವಾಗ ದಾರಿಯ ಪ್ರತಿಯೊಂದು ಹಲಸಿನ ಮರವನ್ನು ತಲೆ ಎತ್ತಿ ನೋಡಿದೆ. ನನಗೆ ಕಾಣದ ಬೆಳಕು ಅದರಿಂದ ಹೊರಟು ಮೇಲೆ ಹೋಗುತ್ತಿದೆ, ಮೇಲೆ ಯಾರೋ ನೋಡುತ್ತಿದ್ದಾರೆ.

ಈ ಸಂಭ್ರಮವನ್ನು ನಾನು ಮೊದಲು ಹೇಳಿದ್ದು ಕಮಲಕ್ಕನಿಗೆ. ಕಮಲಕ್ಕ ನಾನು ಫ್ರಾಕು ಹಾಕುವ ಕಾಲದಿಂದ ನಮ್ಮ ಮನೆಗೆ ಮೀನು ತರುತ್ತಿದ್ದವರು. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ದಕ್ಕೆಗೆ ಬಂದು, ಬುಟ್ಟಿ ಹೊತ್ತು ಬೋಳಾರಕ್ಕೆ ನಡೆದು ಬರುತ್ತಿದ್ದರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಒಣಮೀನು ತರುವರು. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಮಲಕ್ಕ, ನಾನು ನಿಮ್ಮ ಬೆಂಗ್ರೆಯನ್ನು ಆಕಾಶದಿಂದ ನೋಡಿದೆ!"

"ಹೌದಾ ಬಾಲೆ? ಅಂಗಳದಲ್ಲಿ ನನ್ನ ಒಣಮೀನು ಕಂಡಿತಾ? ಕಾಗೆ ಕೂತಿತ್ತಾ ನೋಡು."

"ಅಷ್ಟು ಸಣ್ಣದು ಕಾಣುವುದಿಲ್ಲ."

"ಮತ್ತೆ ಎಂತ ಆಕಾಶ ಮಾರಾಯ್ತಿ! ಕಾಗೆಗೆ ಕಾಣ್ತದೆ, ಸರ್ಕಾರಕ್ಕೆ ಕಾಣುವುದಿಲ್ಲ." ಅಮ್ಮ ಒಳಗಿನಿಂದ ನಕ್ಕಳು. ಕಮಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದರು. "ಕಾಣುವುದಾದರೆ ನನ್ನ ಹೊಸ ಮನೆಯ ಜಾಗ ಒಮ್ಮೆ ನೋಡು. ಚೌತಿ ಕಳೆದ ಮೇಲೆ ಗೋಡೆಯ ಅಡಿಗೆ ಪಂಚಾಂಗ ಹಾಕಿಸ್ತೇನೆ. ಕೆಂಪುಕಲ್ಲು ದೋಣಿಯಲ್ಲಿ ಬಂದು ಬಿದ್ದಿದೆ."

ಮಸ್ಕತ್ತಿಗೆ ಹೋದ ಮಗ ಬೆವರು ಸುರಿಸಿ ಕಳಿಸಿದ ಮನೆ ಅದು. ಅಲ್ಲಿಯವರೆಗೆ ಅವರದ್ದು ತೆಂಗಿನ ಮಡಲಿನ ಮಾಡು. ಕಲ್ಲಿನ ಗೋಡೆ ಎಂಬುದು ಅವರ ಕುಟುಂಬದಲ್ಲೇ ಮೊದಲು. ಜಾಗ ಬೆಂಗ್ರೆಯ ತೆಂಕು ತುದಿಯಲ್ಲಿ, ಅವರ ಅತ್ತೆ ಬಾಳಿದ ಅಂಗಳ. ಅತ್ತೆ ತೋಡಿಸಿದ ಸಿಹಿನೀರಿನ ಬಾವಿ ಅಲ್ಲಿತ್ತು. ಕಡಲು ಆ ಜಾಗವನ್ನು ಮಳೆಗಾಲದಲ್ಲಿ ಕೊರೆಯುತ್ತಿತ್ತು ನಿಜ. "ಕೊಂಡುಹೋಗ್ತಾಳೆ, ದೀಪಾವಳಿ ಕಳೆದರೆ ತಂದು ಹಾಕ್ತಾಳೆ. ನಮ್ಮ ಅಜ್ಜಂದಿರ ಕಾಲದಿಂದ ಅವಳದ್ದು ಅದೇ ಬುದ್ಧಿ," ಎನ್ನುವರು ಕಮಲಕ್ಕ. ಅವರು ಹೇಳುವುದು ಸುಳ್ಳಲ್ಲ. ನಾನೂ ಕಂಡಿದ್ದೇನೆ, ಆಟಿಯಲ್ಲಿ ಮಾಯವಾದ ಮರಳು ಚಳಿಗಾಲಕ್ಕೆ ವಾಪಸು ಬಂದು ಕೂತಿರುತ್ತದೆ.

"ತಮ್ಮ ಒಳಗೆ ಹೊಳೆಬದಿಯಲ್ಲಿ ಜಾಗ ಕೊಡ್ತೇನೆ ಅಂತಾನೆ. ಯಾರಿಗೆ ಬೇಕು? ದಿನಾ ಬೆಳಿಗ್ಗೆ ಎದ್ದು ಅವನ ಹೆಂಡತಿಯ ಮುಖ ನೋಡುವುದಕ್ಕಿಂತ ಕಡಲಿನ ಮುಖ ನೋಡುವುದು ಲೇಸು."

ಮರುದಿನ ಆಫೀಸಿನಲ್ಲಿ ನಾನು ಕೆಲಸ ಶುರು ಮಾಡಿದೆ. ನಮ್ಮ ಕ್ರಮ ಹೀಗೆ: ಅಡಿಯಲ್ಲಿ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜು. ಅದರ ಮೇಲೆ ಚಿತ್ರ, ಚಿತ್ರದ ಮೇಲೆ ಪಾರದರ್ಶಕ ಟ್ರೇಸಿಂಗ್ ಫಿಲ್ಮು. ಸರ್ವೆ ನಕ್ಷೆಯಲ್ಲೂ ಚಿತ್ರದಲ್ಲೂ ಇರುವ, ಜಾಗ ಬಿಟ್ಟು ಕದಲದ ಗುರುತುಗಳನ್ನು ಹುಡುಕಬೇಕು. ನೇತ್ರಾವತಿಯ ರೈಲು ಸೇತುವೆ, ಕೂಳೂರು ಸೇತುವೆ, ಗುರುಪುರ ಹೊಳೆಯ ಒಂದು ತಿರುವು. ಅವನ್ನು ಫಿಲ್ಮಿನ ಮೇಲೆ ಚುಕ್ಕೆ ಇಟ್ಟು, ದಡ ಬರೆದು, ಆಮೇಲೆ ಅದೇ ಫಿಲ್ಮನ್ನು ನಕ್ಷೆಯ ಮೇಲೆ ಇಟ್ಟರೆ ಚುಕ್ಕೆಗಳು ಒಂದರ ಮೇಲೊಂದು ಕೂರಬೇಕು.

ಕೂರಲಿಲ್ಲ. ರೈಲು ಸೇತುವೆ ಕೂಡಿದರೆ ಕೂಳೂರು ಹೊಳೆಗೆ ಬೀಳುತ್ತಿತ್ತು. ಕೂಳೂರನ್ನು ಎತ್ತಿ ನಿಲ್ಲಿಸಿದರೆ ನೇತ್ರಾವತಿ ರೈಲನ್ನು ಬಿಟ್ಟು ಹೋಗುತ್ತಿತ್ತು. ಇದರ ನಡುವೆ ಬೆಂಗ್ರೆಯ ತುದಿ ನೋಡಿದೆ. ನಕ್ಷೆಯಲ್ಲಿ ಅಲ್ಲಿ ಅಗಲವಾದ ಮರಳು, ತೆಂಗಿನ ಗುರುತು, ಬಾವಿಯ ಸಣ್ಣ ವೃತ್ತ. ನನ್ನ ಫಿಲ್ಮಿನ ದಡದ ಗೆರೆ ಅದೆಲ್ಲವನ್ನೂ ಹೊರಗೆ ಬಿಟ್ಟು ಆಚೆಗೇ ತಿರುಗಿತ್ತು. ಕಮಲಕ್ಕನ ಜಾಗ ನೀರಿನ ಅಂಚಿನಲ್ಲಿತ್ತು.

ನನ್ನ ಗೆರೆ ಸರಿಯಾದರೆ ಚೌತಿ ಕಳೆದು ಅವರು ಕಲ್ಲಿಡುವುದು ಕಡಲಿನ ಬಾಯಿಗೆ. ನನ್ನ ಗೆರೆ ತಪ್ಪಾದರೆ ನಾನು ಅವರ ಬದುಕಿನ ಒಂದೇ ಒಂದು ಆಸೆಗೆ ಸುಮ್ಮನೆ ಕಲ್ಲು ಹಾಕಿದ ಹಾಗೆ. ಎರಡು ಸೇತುವೆಗಳನ್ನೇ ಸರಿಯಾಗಿ ಕೂರಿಸಲಾಗದವಳ ಮಾತು ಯಾರು ಕೇಳುತ್ತಾರೆ?

"ಚಿತ್ರವನ್ನು ನಕ್ಷೆಗೆ ಹೊಂದಿಸಿ ಮಿಸ್," ಎಂದರು ಕಾಮತ್ ಸರ್. "ನಕ್ಷೆ ಸರ್ವೆಯವರು ಸರಪಳಿ ಹಿಡಿದು ಕೆಸರಲ್ಲಿ ನಡೆದು ಮಾಡಿದ್ದು. ಇದು ಆಕಾಶದಲ್ಲಿ ಓಡ್ತಾ ಓಡ್ತಾ ಕಣ್ಣು ಹಾಯಿಸಿದ್ದು. ಯಾರನ್ನು ನಂಬುವುದು, ನಡೆದವನನ್ನಾ, ಹಾರಿದವನನ್ನಾ?"

"ಆದ್ರೆ ಸರ್, ಪಣಂಬೂರು ನೋಡಿ. ನಕ್ಷೆಯಲ್ಲಿ ಗದ್ದೆ, ತೆಂಗು. ಚಿತ್ರದಲ್ಲಿ ಕಪ್ಪು ಚೌಕ."

"ಬಂದರು ತೋಡಿದ್ದಲ್ವಾ ಅಲ್ಲಿ, ಸರ್ವೆ ಆದ ಎಷ್ಟೋ ವರ್ಷದ ಮೇಲೆ."

"ಮನುಷ್ಯರು ತೋಡಿದ್ದನ್ನು ಒಪ್ಪುವುದಾದರೆ ಕಡಲು ತೋಡಿದ್ದನ್ನು ಯಾಕೆ ಒಪ್ಪಬಾರದು ಸರ್?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಒಪ್ಪುವ. ಮೊದಲು ಸೇತುವೆ ಕೂಡಿಸಿ. ಕದಲದ್ದು ಕೂಡುವವರೆಗೆ ಕದಲಿದ್ದರ ಬಗ್ಗೆ ಮಾತಾಡ್ಲಿಕ್ಕೆ ನಮಗೆ ಬಾಯಿಲ್ಲ."

ಈ ಒಂದು ಮಾತಿಗೆ ನಾನು ಇಂದಿಗೂ ಅವರಿಗೆ ಕೈಮುಗಿಯುತ್ತೇನೆ.

ಬರೆದೆ, ಒರೆಸಿದೆ, ಬರೆದೆ. ಫಿಲ್ಮನ್ನು ಬೇರೆ ಕಡೆಯಿಂದ ಇಟ್ಟು ನೋಡಿದೆ. ಗುರುತುಗಳನ್ನು ಬದಲಾಯಿಸಿದೆ. ಬೆಳಿಗ್ಗೆ ಇದ್ದಷ್ಟು ವ್ಯತ್ಯಾಸ ಸಂಜೆ ಇರುತ್ತಿರಲಿಲ್ಲ; ಜಡಿಮಳೆ ಹಿಡಿದ ದಿನ ಹೆಚ್ಚು, ಹೊಳವಾದ ದಿನ ಕಡಿಮೆ. ಇದೆಂತ ಭೂತವಪ್ಪಾ ಎಂದುಕೊಂಡೆ. ಒಂದು ದಿನ ಆಫೀಸಿನ ಕಿಟಕಿಯನ್ನು ಮುಚ್ಚಲು ಹೋದರೆ ಅದು ಚೌಕಟ್ಟಿಗೆ ಕೂರಲೇ ಇಲ್ಲ. ಮರ ನೀರು ಕುಡಿದು ಉಬ್ಬಿತ್ತು. ನಮ್ಮೂರಿನಲ್ಲಿ ಜೂನ್ ಬಂತೆಂದರೆ ಕಿಟಕಿ ಬಾಗಿಲು, ಉಪ್ಪಿನ ಭರಣಿಯ ಮುಚ್ಚಳ, ಮದುವೆಯ ಆಲ್ಬಮ್ಮು ಎಲ್ಲ ಉಬ್ಬುತ್ತವೆ. ಎಲ್ಲರಿಗೂ ಗೊತ್ತು.

ಕಿಟಕಿ ಹಿಡಿದುಕೊಂಡೇ ನಿಂತುಬಿಟ್ಟೆ. ಆಮೇಲೆ ಬಂದು ಸ್ಕೇಲು ತೆಗೆದು ಸರ್ವೆ ನಕ್ಷೆಯ ಮೇಲೆ ಅಚ್ಚಾಗಿದ್ದ ಚೌಕಗಳನ್ನು ಅಳೆದೆ. ಉದ್ದಕ್ಕೆ ಇರಬೇಕಾದಷ್ಟೇ ಇತ್ತು. ಅಡ್ಡಕ್ಕೆ ಕೂದಲೆಳೆ, ಕೂದಲೆಳೆ ಹೆಚ್ಚು. ಆ ಕೂದಲೆಳೆಗಳೆಲ್ಲ ಸೇರಿ ಕೂಳೂರನ್ನು ಹೊಳೆಗೆ ಹಾಕುತ್ತಿದ್ದವು.

"ಸರ್, ನಕ್ಷೆ ಉಬ್ಬಿದೆ!"

ಕಾಮತ್ ಸರ್ ಸ್ವತಃ ಅಳೆದರು. ಹಣೆ ಚಚ್ಚಿಕೊಂಡು ಕೊಂಕಣಿಯಲ್ಲಿ ಏನೋ ಹೇಳಿ, ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದರು. "ವಿಜಾಪುರದಲ್ಲಿ ಕಾಗದ ಉಬ್ಬುವುದಿಲ್ಲ ಮಿಸ್! ಅಲ್ಲಿ ಮನುಷ್ಯನೇ ಒಣಗಿ ಹಪ್ಪಳ ಆಗ್ತಾನೆ. ಈ ಊರಿನ ಬಾವಿ ನೀರು ಕುಡಿದು ಬೆಳೆದವ ನಾನು, ಥಂಡಿ ತಾಗದ ಹಾಗೆ ಹಪ್ಪಳದ ಡಬ್ಬಿಗೆ ಮೇಣ ಹಚ್ಚುವ ಅಮ್ಮನ ಮಗ. ನಕ್ಷೆ ಅಂದರೆ ಕಾಗದ ಅಂತ ಮರೆತೇ ಬಿಟ್ಟಿದ್ದೆ!"

ಉಪಗ್ರಹದ್ದು ತಪ್ಪಲ್ಲ, ಸರಪಳಿ ಎಳೆದವರದ್ದೂ ತಪ್ಪಲ್ಲ. ಮಳೆ ಇಬ್ಬರ ನಡುವೆ ಬಂದು ಕೂತಿತ್ತು.

ಈಗ ಪ್ರಶ್ನೆ ಒಂದೇ. ಆಟಿ ತಿಂಗಳಿನಲ್ಲಿ ಮಂಗಳೂರಿನಲ್ಲಿ ಕಾಗದ ಒಣಗಿಸುವುದು ಎಲ್ಲಿ? ಬೋಳಾರದಲ್ಲಿ ಹುಟ್ಟಿದವರಿಗೆ ಇದು ಪ್ರಶ್ನೆಯೇ ಅಲ್ಲ. ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಮೇಲೆ ಹಲಗೆಯ ಅಟ್ಟ ಇರುತ್ತಿತ್ತು. ಹಸಿ ಹಂಚುಗಳನ್ನು ಸಾಲಾಗಿ ಇಟ್ಟು ಆರಿಸುವ ಜಾಗ. ಸುತ್ತಿನ ಮನೆಯ ಹೆಂಗಸರು ಮಳೆಗಾಲದಲ್ಲಿ ಬಾಣಂತಿಯ ಬಟ್ಟೆ, ಮಗುವಿನ ತುಂಡು, ಹಲಸಿನ ಹಪ್ಪಳ ಎಲ್ಲ ಅಲ್ಲೇ ತಂದು ಹರಡುತ್ತಿದ್ದರು. ನನ್ನ ಮಾವ ಅಲ್ಲಿ ಲೆಕ್ಕ ಬರೆಯುವ ರೈಟರು.

"ಸರ್ಕಾರದ ಮ್ಯಾಪಾ?" ಎಂದರು ಮಾವ. "ಹಪ್ಪಳದ ಪಕ್ಕ ಇಡಬಹುದು. ಎಣ್ಣೆ ತಾಗಿದರೆ ನನ್ನನ್ನು ಕೇಳಬೇಡ."

ಹಾಗೆ ನಕ್ಷೆ, ಚಿತ್ರಗಳು, ಫಿಲ್ಮು, ಒಂದು ಗಾಜಿನ ಹಲಗೆ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತಂದು ನಾವು ಅಟ್ಟ ಹತ್ತಿದೆವು. ಹೊರಗೆ ಹಂಚಿನ ಮೇಲೆ ಮಳೆ ಭೋರೆನ್ನುತ್ತಿತ್ತು. ಒಳಗೆ ಕೆಳಗಿನ ಭಟ್ಟಿಯ ಬಿಸಿ ಹಲಗೆಯ ಸಂದಿಯಿಂದ ಬಂದು ಪಾದಕ್ಕೆ ತಾಗುತ್ತಿತ್ತು. ಬೆಂದ ಮಣ್ಣಿನ ವಾಸನೆ. ನಕ್ಷೆಯನ್ನು ಹರಡಿಟ್ಟು ಕಾದೆವು. ಕಾಮತ್ ಸರ್ ಆಗಾಗ ಸ್ಕೇಲಿಟ್ಟು ಚೌಕ ಅಳೆಯುವರು, ಡಾಕ್ಟರು ಜ್ವರ ನೋಡುವ ಹಾಗೆ. ಮಧ್ಯಾಹ್ನ ಕಳೆಯುವಾಗ, "ಇಳಿಯಿತು," ಎಂದರು.

ಫಿಲ್ಮನ್ನು ಇಟ್ಟೆ. ರೈಲು ಸೇತುವೆಯ ಮೇಲೆ ರೈಲು ಸೇತುವೆ ಕೂತಿತು. ಕೂಳೂರಿನ ಮೇಲೆ ಕೂಳೂರು. ಗುರುಪುರ ಹೊಳೆಯ ತಿರುವು ತಿರುವಿನೊಳಗೆ, ಬಳೆಯೊಳಗೆ ಬಳೆ ಇಟ್ಟ ಹಾಗೆ. ಎಲ್ಲೋ ನೂರಾರು ಮೈಲು ಮೇಲಿನಿಂದ ನೋಡಿದ ಕಣ್ಣೂ, ಕೆಸರಿನಲ್ಲಿ ಹೆಜ್ಜೆ ಹಾಕಿದ ಕಾಲೂ ಒಂದೇ ಮಾತು ಹೇಳಿದವು. ನನಗೆ ರೋಮಾಂಚನವಾಯಿತು. ಇಂಥ ಕೂಡುವಿಕೆಯನ್ನು ನಾನು ಇಗರ್ಜಿಯಲ್ಲೂ ಕಂಡಿಲ್ಲ, ದೇವಸ್ಥಾನದಲ್ಲೂ ಕಂಡಿಲ್ಲ.

ಎಲ್ಲ ಕೂಡಿತು. ಬೆಂಗ್ರೆಯ ತುದಿ ಮಾತ್ರ ಕೂಡಲಿಲ್ಲ.

ಕಾಮತ್ ಸರ್ ಕೊಳವೆಯಿಂದ ಹಳೆಯ ಚಿತ್ರವನ್ನು ತೆಗೆದು ಕೊಟ್ಟರು. ಅದರ ದಡವನ್ನೂ ಅದೇ ಫಿಲ್ಮಿನಲ್ಲಿ ಬರೆದೆ. ಆ ಗೆರೆ ನಕ್ಷೆಯ ತುದಿಗೂ ಹೊಸ ಚಿತ್ರದ ತುದಿಗೂ ನಡುವೆ ಬಂತು. ಅಳಿವೆಯ ಆಚೆ, ಉಳ್ಳಾಲದ ಬದಿಯಲ್ಲಿ, ಇದರ ತದ್ವಿರುದ್ಧ. ಅಲ್ಲಿನ ಮರಳು ಪ್ರತಿ ಗೆರೆಗೂ ನಮ್ಮ ಕಡೆಗೆ ಚಾಚುತ್ತ ಬಂದಿತ್ತು. ಈಚೆ ಕಳೆದದ್ದು ಆಚೆ ಬೆಳೆದಿತ್ತು. ಹೊಳೆಯ ಬಾಯಿ ಬಡಗು ದಿಕ್ಕಿಗೆ ನಿಧಾನವಾಗಿ ಸರಿಯುತ್ತಿತ್ತು. ನಾವು ಹುಟ್ಟಿ, ಶಾಲೆಗೆ ಹೋಗಿ, ಕೆಲಸಕ್ಕೆ ಸೇರುತ್ತಿದ್ದಾಗ ಅದು ನಮಗೆ ಯಾರಿಗೂ ಹೇಳದೆ ನಡೆಯುತ್ತಲೇ ಇತ್ತು.

"ಭರತ ಇಳಿತದ ವ್ಯತ್ಯಾಸ ಇರಬಹುದಾ ಸರ್?" ಎಂದು ಕೇಳಿದೆ.

"ಅದು ಇಷ್ಟು ಇರುವುದಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಇದು ನಮ್ಮ ಮಿಸ್ಟೇಕ್ ಅಲ್ಲ ಮಿಸ್. ಭೂಮಿ ನಡೀತಾ ಉಂಟು."

ಅವರು ಆ ನಕ್ಷೆಯಲ್ಲಿ ಮೂರೂ ದಡಗಳನ್ನು ಬರೆಯಲು ಒಪ್ಪಿದರು. ಕೆಲಸದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ.

ನೂಲ ಹುಣ್ಣಿಮೆಗೆ ಬೆಂಗ್ರೆಯವರು ಕಡಲಿಗೆ ಹಾಲು ಹೊಯ್ದು ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮರುದಿನ, ಮಳೆ ಬಿಟ್ಟ ಹೊತ್ತು ನೋಡಿ ನಾನು ದಕ್ಕೆಯಿಂದ ದೋಣಿ ಹತ್ತಿದೆ. ಕಾಮತ್ ಸರ್ ಹಳೆಯ ಮತ್ತು ಹೊಸ ಚಿತ್ರಗಳನ್ನು ಕೊಡೆಯ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರು. ಜತೆಗೆ ನಕ್ಷೆಯ ದಡವನ್ನೂ ಬರೆದುಕೊಂಡ ಫಿಲ್ಮು.

ಕಮಲಕ್ಕ ನನ್ನನ್ನು ನೋಡಿ ಕೈ ಹಿಡಿದು ನೇರ ಜಾಗಕ್ಕೇ ಕರೆದುಕೊಂಡು ಹೋದರು. ಕೆಂಪುಕಲ್ಲು ಒಟ್ಟಿದ್ದರು. ಮರಳಿನ ಮೇಲೆ ಸುಣ್ಣದಲ್ಲಿ ಮನೆಯ ಗೆರೆ ಹಾಕಿತ್ತು. "ಇದು ಚಾವಡಿ. ಇದು ಅಡುಗೆಕೋಣೆ. ಇಲ್ಲಿ ಮಗನಿಗೆ ಮದುವೆಯಾದರೆ ಒಂದು ಕೋಣೆ." ಗೆರೆಯ ಮೇಲೆ ಕಾಲಿಡದ ಹಾಗೆ, ಬಾಗಿಲು ಬರುವಲ್ಲೇ ನನ್ನನ್ನು ಒಳಗೆ ಕರೆದರು.

ನಾನು ಕಡಲಿನ ಕಡೆ ನೋಡಿದೆ. ಅಲ್ಲಿ ನೀರಿನ ಅಂಚಿನಲ್ಲಿ ಕೆಂಪುಕಲ್ಲಿನ ಒಂದು ಗುಂಡನೆಯ ಗೋಪುರ ನಿಂತಿತ್ತು, ಆಳೆತ್ತರಕ್ಕಿಂತ ಹೆಚ್ಚು. ಅಲೆಗಳು ಅದರ ಸುತ್ತ ಬಂದು ಹೋಗುತ್ತಿದ್ದವು. ಅಂಥ ಕಟ್ಟಡವನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಅದೆಂತ ಕಮಲಕ್ಕ?"

"ಅತ್ತೆಯ ಬಾವಿ."

ಅರ್ಥವಾಗಲು ಹೊತ್ತು ಹಿಡಿಯಿತು. ಬಾವಿ ಮೇಲೆ ಬಂದದ್ದಲ್ಲ, ಅದರ ಸುತ್ತಿನ ನೆಲ ಕೆಳಗೆ ಹೋದದ್ದು. ಒಳಗೆ ಇಣುಕಿ ನೋಡಬೇಕಾದ ಬಾವಿಯನ್ನು ನಾವು ಕತ್ತೆತ್ತಿ ನೋಡುತ್ತಿದ್ದೆವು. ನಕ್ಷೆಯಲ್ಲಿ ನಾನು ನೋಡಿದ ಸಣ್ಣ ವೃತ್ತ ಅದು.

"ಈ ವರ್ಷ ಸ್ವಲ್ಪ ಹೆಚ್ಚು ತಿಂದಿದ್ದಾಳೆ," ಎಂದರು ಕಮಲಕ್ಕ. "ತಂದು ಹಾಕ್ತಾಳೆ. ನಿನ್ನೆ ತಾನೆ ಹಾಲು ಕೊಟ್ಟಿದ್ದೇವೆ."

ಅವರ ಮಡಲಿನ ಮನೆಯ ಜಗಲಿಯಲ್ಲಿ ಕೂತು ಚಿತ್ರ ಬಿಡಿಸಿದೆ.

"ಅಯ್ಯೋ ದೇವರೇ, ಊರಿಗೆ ಬೆಂಕಿ ಬಿದ್ದದ್ದಾ?"

"ಅಲ್ಲ, ಕೆಂಪು ಕಂಡದ್ದೆಲ್ಲ ಮರ. ಇದು ಕಡಲು. ಇದು ನೀವು ದಿನಾ ದಾಟುವ ಹೊಳೆ. ಇದು ಬೆಂಗ್ರೆ."

ಕಮಲಕ್ಕನ ಬೆರಳು ಬೆಳ್ಳಗಿನ ಎಳೆಯ ಮೇಲೆ ನಿಂತಿತು. ಬೆರಳು ತೆಗೆದು ನೋಡಿದರು. ಮತ್ತೆ ಇಟ್ಟರು. "ಇಷ್ಟೇ? ನಾವೆಲ್ಲ ಇಷ್ಟರ ಮೇಲಾ ಇರುವುದು?" ಅವರ ದನಿ ಪಿಸುಮಾತಾಗಿತ್ತು. "ಇಷ್ಟು ತೆಳುವಾ?"

ಫಿಲ್ಮನ್ನು ಮೇಲಿಟ್ಟು ಮೂರು ಗೆರೆ ತೋರಿಸಿದೆ. ನಿಮ್ಮ ಅತ್ತೆಯ ಕಾಲದ್ದು, ನಡುವಿನದ್ದು, ಈಗಿನದ್ದು.

"ಮಳೆಗಾಲದಲ್ಲಿ ತೆಗೆದಿರಬೇಕು ಇದನ್ನು. ದೀಪಾವಳಿ ಕಳೆದ ಮೇಲೆ ತೆಗೆಯಲಿಕ್ಕೆ ಹೇಳು ನಿನ್ನ ಸರ್ಕಾರಕ್ಕೆ."

"ಎರಡೂ ಚಳಿಗಾಲದಲ್ಲಿ ತೆಗೆದದ್ದು ಕಮಲಕ್ಕ. ಮಳೆಗಾಲದಲ್ಲಿ ಮೋಡ, ಅದಕ್ಕೆ ಏನೂ ಕಾಣುವುದಿಲ್ಲ. ಅವಳು ತಂದು ಹಾಕಿ ಆದ ಮೇಲೆ ಉಳಿದದ್ದು ಇಷ್ಟು."

ಅವರ ಬೆರಳು ಗೆರೆಯಿಂದ ಗೆರೆಗೆ ಸರಿಯಿತು. ಆಮೇಲೆ ತಾನಾಗಿಯೇ ಅಳಿವೆ ದಾಟಿ ಆಚೆ ಬದಿಗೆ ಹೋಗಿ, ಅಲ್ಲಿ ಬೆಳೆದ ಮರಳಿನ ಮೇಲೆ ನಿಂತಿತು.

"ಇದು?"

"ಉಳ್ಳಾಲದ ಬದಿ."

"ತಂದು ಹಾಕಿದ್ದಾಳಲ್ಲ!" ಕಮಲಕ್ಕ ನೆಟ್ಟಗೆ ಕೂತರು. "ನಮ್ಮಲ್ಲಿ ಹಾಲು ಕುಡಿದು ಉಳ್ಳಾಲದವರ ಅಂಗಳಕ್ಕೆ ಹಾಕಿದ್ದಾಳೆ, ಮೂದೇವಿ!"

ನಾನು ನಕ್ಕೆ, ಅವರೂ ನಕ್ಕರು. ನಗುನಗುತ್ತಲೇ ಅವರ ಕಣ್ಣು ತುಂಬಿತು. ಎದ್ದು ಹೋಗಿ ಸುಣ್ಣದ ಗೆರೆಯ ಒಳಗೆ, ಚಾವಡಿ ಬರಬೇಕಾದಲ್ಲಿ ನಿಂತರು. ಕಡಲನ್ನು ನೋಡಿದರು, ಬಾವಿಯನ್ನು ನೋಡಿದರು. ನಾನು ಹತ್ತಿರ ಹೋಗಲಿಲ್ಲ. ವಾಪಸು ಬಂದು ಚಿತ್ರದ ಮುಂದೆ ಮತ್ತೆ ಕೂತರು.

"ತಮ್ಮನ ಜಾಗ ತೋರಿಸು."

ತೋರಿಸಿದೆ. ಹೊಳೆಯ ಬದಿಗೆ, ಬಡಗಿಗೆ, ಎಳೆ ಸ್ವಲ್ಪ ದಪ್ಪವಾಗಿ ಕೆಂಪಾಗಿದ್ದಲ್ಲಿ. ಮೂರು ಗೆರೆಯೂ ಅಲ್ಲಿ ಒಂದರ ಮೇಲೊಂದು ಕೂತಿದ್ದವು.

"ಅವನ ಹೆಂಡತಿಯ ಮುಖ ಇದರಲ್ಲಿ ಕಾಣುವುದಿಲ್ಲ ಅಲ್ಲವಾ?"

"ಇಲ್ಲ."

"ಹಾಗಾದರೆ ಒಳ್ಳೆಯ ಜಾಗ," ಎಂದರು.

ಚೌತಿ ಕಳೆದು ಕೆಂಪುಕಲ್ಲುಗಳನ್ನು ದೋಣಿಯಲ್ಲಿ ಒಳಗಿನ ಜಾಗಕ್ಕೆ ಸಾಗಿಸಿದರು. ಬೆಂಗ್ರೆಯ ಕೆಲವರು ಕಾಗದ ನೋಡಿ ಹೆದರಿದಳೆಂದು ಕಮಲಕ್ಕನನ್ನು ತಮಾಷೆ ಮಾಡಿದರಂತೆ. ಗೃಹಪ್ರವೇಶಕ್ಕೆ ನಾನೂ ಕಾಮತ್ ಸರ್ ಕೂಡ ಹೋಗಿದ್ದೆವು. ಪಾಯಸದ ಎಲೆಯ ಮುಂದೆ ಕೂತು ಅವರು ಗೋಡೆಯನ್ನು ಬೆರಳಲ್ಲಿ ತಟ್ಟಿ, "ಇದು ಉಬ್ಬುವುದಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಕೆಲವು ಮಳೆಗಾಲ ಕಳೆದು ಒಂದು ಬೆಳಿಗ್ಗೆ ಕಮಲಕ್ಕ ಮೀನಿನ ಬುಟ್ಟಿ ಇಳಿಸುತ್ತಾ, "ಅತ್ತೆಯ ಬಾವಿ ನಿನ್ನೆ ಬಿತ್ತು ಬಾಲೆ," ಎಂದರು. ಆ ದಿನ ಬಂಗುಡೆ ಒಂದಷ್ಟು ಹೆಚ್ಚೇ ಹಾಕಿದ್ದರು.

"ಎಲ್ಲ ಒಟ್ಟಿಗೆ ಜಾರಿದೆ ಅಜ್ಜಿ," ಎಂದು ಅನುಷಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಹಾಗಾದ್ರೆ ತಪ್ಪು ನಿನ್ನ ಕಡೆ ಉಂಟು. ಸಾಫ್ಟ್‌ವೇರ್‌ಗೆ ಬಯ್ಯಬೇಡ, ಹುಡುಕು."

ಹುಡುಕಿದಳು. ಹಳೆಯ ನಕ್ಷೆಗಳು ಭೂಮಿಯ ಆಕಾರವನ್ನು ಹಿಡಿದ ಲೆಕ್ಕವೇ ಬೇರೆಯಂತೆ, ಅದನ್ನೂ ಯಂತ್ರಕ್ಕೆ ಹೇಳಿಕೊಟ್ಟಳು. ಕಣ್ಣೆದುರಿಗೇ ಎರಡು ನೇತ್ರಾವತಿಗಳು ಮೆಲ್ಲಗೆ ಸರಿದು ಒಂದಾದವು. ಸೇತುವೆಯ ಮೇಲೆ ಸೇತುವೆ. ಇಷ್ಟು ವರ್ಷಗಳ ಮೇಲೂ ನನ್ನ ಮೈ ಜುಮ್ಮೆಂದಿತು.

"ಇಲ್ಲಿ ಮಾತ್ರ ಕೂಡ್ಲಿಲ್ಲ ನೋಡಿ, ಅಳಿವೆಯ ಹತ್ರ. ಇನ್ನೂ ಎಂತದೋ ಎರರ್ ಉಂಟು."

"ಅದು ಎರರ್ ಅಲ್ಲ ಮಗಾ," ಎಂದೆ. "ಅಲ್ಲಿ ಬೆರಳಿಡು."

ಹಳೆಯ ನಕ್ಷೆಯ ಸಣ್ಣ ವೃತ್ತದ ಮೇಲೆ ಅವಳು ಬಾಣ ತಂದು ನಿಲ್ಲಿಸಿದಳು. ನಕ್ಷೆಯನ್ನು ತೆಳುವಾಗಿಸಿದಾಗ ಕೆಳಗಿನಿಂದ ಈಗಿನ ಚಿತ್ರ ಮೇಲೆ ಬಂತು. ನೀರು. ಚಾವಡಿ, ಅಡುಗೆಕೋಣೆ, ಮಗನ ಕೋಣೆ, ಎಲ್ಲ ನೀಲಿ ನೀರು. ಒಂದು ದೋಣಿ ಅದರ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುತ್ತಿತ್ತು.

"ಈಗ ಬಡಗಿಗೆ ಹೋಗು. ಹೊಳೆಯ ಬದಿಗೆ. ಇನ್ನೂ ಸ್ವಲ್ಪ. ದೊಡ್ಡದು ಮಾಡು."

ಹಂಚಿನ ಮಾಡುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ತೆಂಗಿನ ಮರಗಳು ನಕ್ಷತ್ರಗಳ ಹಾಗೆ. ಈ ಚಿತ್ರದಲ್ಲಿ ಹಸಿರು ಹಸಿರಾಗಿಯೇ ಇತ್ತು. ಆ ಮನೆಯನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಪಕ್ಕದಲ್ಲಿ ತಮ್ಮನ ಮನೆ, ನಡುವೆ ಅವರು ಹಠ ಹಿಡಿದು ಕಟ್ಟಿಸಿದ ಪಾಗಾರದ ಗೋಡೆ. ಕಮಲಕ್ಕ ತೀರಿಕೊಂಡು ಎಷ್ಟೋ ಕಾಲವಾಯಿತು. ಈಗ ಅಲ್ಲಿ ಮೊಮ್ಮಕ್ಕಳಿರಬೇಕು.

"ಅಂಗಳದಲ್ಲಿ ಎಂತದೋ ಬೆಳ್ಳಗೆ ಹರಡಿದ್ದಾರೆ, ಅಲ್ವಾ ಅಜ್ಜಿ?" ಎಂದು ಅನುಷಾ ಇನ್ನಷ್ಟು ದೊಡ್ಡದು ಮಾಡಿದಳು. ಬೆಳ್ಳಿಯ ಬಣ್ಣದ ಒಂದು ಚಾಪೆಯಷ್ಟು ಹೊಳಪು, ಅಂಚಿನಲ್ಲಿ ಒಂದೆರಡು ಕಪ್ಪು ಚುಕ್ಕೆ.

ನಾನು ಕನ್ನಡಕ ಸರಿಮಾಡಿಕೊಂಡು ಸ್ಕ್ರೀನಿಗೆ ಮುಖ ತಂದೆ.

ಕಂಡಿತು ಕಮಲಕ್ಕ. ನಿಮ್ಮ ಒಣಮೀನು ಕಂಡಿತು. ಕಾಗೆಯೂ ಕೂತಿದೆ.